ಇಸ್ತ್ರಿ ಪ್ಯಾಂಟಿನ ಕುಂಟ

“ಕುಂಟ್ರು ಇಂಗೆ ಇಸ್ತ್ರಿ ಪ್ಯಾಂಟು, ಪಾಲಿಶ್ ಶೂ ಹಾಕ್ಕೊಂಡು ಬರ್ತಾರೇನೋ ಬೋಳಿಮಗನೆ? ಯಾರ ಕಿವಿಗೆ ಹೂ ಮುಡಿಸ್ತೀಯ?”

ಪೇದೆ ಬಯ್ಯಪ್ಪ ಬೈಯುತ್ತಲೇ ದಂಡದ ಚೀಟಿ ಹರಿದು ನನ್ನ ಕೈಗೆ ತುರುಕಿದ. ತಾಲ್ಲೂಕು ಕಚೇರಿ ಮುಂದೆ, ಗೋಡೆಯ ಮೂಲೆಯಲ್ಲಿ, ಅಂಗವಿಕಲರಿಗೆಂದು ನೀಲಿ ಬಣ್ಣ ಬಳಿದ ಒಂದೇ ಒಂದು ಜಾಗವಿದೆ. ಪಿಂಚಣಿ ವಿಚಾರಿಸಲು ಬಂದು ಅಲ್ಲಿ ಸ್ಕೂಟರ್ ನಿಲ್ಲಿಸಿದ್ದು ನನ್ನ ಅಪರಾಧ. ಸ್ಕೂಟರಿನ ಹಿಂದೆ ಎರಡು ಚಕ್ರ ಹೆಚ್ಚಿಗಿರುವುದು ಆ ಮಹಾನುಭಾವನ ಕಣ್ಣಿಗೆ ಬೀಳಲಿಲ್ಲ.

“ನೀನು ಇಳಿದು ನಡೆದಿದ್ದನ್ನ ಕಣ್ಣಾರೆ ನೋಡಿದೀನಿ. ತಕರಾರಿದ್ರೆ ಮೇಲೆ ಸಾಹೇಬ್ರಿಗೆ ಹೇಳ್ಕೊ, ಹೋಗು.”

ನನ್ನ ಬಲಗಾಲು ಮಂಡಿಯಿಂದ ಕೆಳಗೆ ಪ್ಲಾಸ್ಟಿಕ್ಕಿನದು. ಅಸಲಿ ಕಾಲು ಸಾದಲಿ ಹತ್ತಿರದ ಮೋಹನ್‌ಬಾಬು ರೇಷ್ಮೆ ಫ್ಯಾಕ್ಟರಿಯಲ್ಲಿ ಬಾಯ್ಲರ್ ಸಿಡಿದಾಗ ಹೋಯಿತು. ಇಸ್ತ್ರಿಯ ಕಥೆ ಬೇರೆ. ನನ್ನಪ್ಪ ಇದೇ ಮೋಹನ್‌ಬಾಬುವಿನ ಅಪ್ಪನ ಮನೆ ಮುಂದೆ ಚಪ್ಪಲಿಯನ್ನು ಕಂಕುಳಲ್ಲಿಟ್ಟುಕೊಂಡು ನಿಲ್ಲುತ್ತಿದ್ದವನು. ಅದಕ್ಕೇ ನಮ್ಮ ಕೇರಿಯಲ್ಲಿ ಯಾರೇ ಕಚೇರಿಗೆ ಹೊರಟರೂ ಬಟ್ಟೆಗೆ ಇಸ್ತ್ರಿ, ಕಾಲಿಗೆ ಶೂ ಆಗಲೇಬೇಕು. ಬೆಳಿಗ್ಗೆ ನನ್ನ ಹೆಂಡತಿ ಆದಿಲಕ್ಷ್ಮಮ್ಮ ಸುಳ್ಳು ಕಾಲಿನ ಶೂಗೂ ಪಾಲಿಶ್ ಹಾಕಿ, “ತಲೆ ಎತ್ಕೊಂಡು ಹೋಗ್ಬಾ” ಎಂದಿದ್ದಳು. ಹರಕು ಬಟ್ಟೆಯಲ್ಲಿ ತೆವಳಿಕೊಂಡು ಬಂದಿದ್ದರೆ ಬಯ್ಯಪ್ಪ ಚಿಲ್ಲರೆ ಹಾಕುತ್ತಿದ್ದನೋ ಏನೋ!

ಲಿಫ್ಟ್‌ಗೆ ಬೀಗ. ಮೆಟ್ಟಿಲು ಇಪ್ಪತ್ತೆರಡು. ಎಣಿಸಿಕೊಂಡೇ ಹತ್ತಿದೆ. ಮೇಲೆ ಮುಟ್ಟುವಷ್ಟರಲ್ಲಿ ಮಂಡಿಯ ಹತ್ತಿರ ಚರ್ಮ ಕಿತ್ತು ಉರಿಯುತ್ತಿತ್ತು.

ಸಾಹೇಬರ ಎದುರು ಕುರ್ಚಿಯಲ್ಲಿ ಮೋಹನ್‌ಬಾಬು ಕಾಫಿ ಹೀರುತ್ತಿದ್ದ. ನನ್ನನ್ನು ಕಂಡದ್ದೇ ಹಲ್ಲು ಕಿರಿದ. “ಏಮಿರಾ ನಲ್ಲಪ್ಪ, ಮದುವೆ ಗಂಡಿನಂಗೆ ಬಂದಿದೀಯ?”

ನಾನು ಅಂಗವಿಕಲರ ಕಾರ್ಡು ಚಾಚಿದೆ. ಸಾಹೇಬರು ಕೈಗೆ ತೆಗೆದುಕೊಳ್ಳದೆ, ಮೂಗಿಗೆ ಕರ್ಚೀಫು ಹಿಡಿದು, ಮೇಜಿನ ತುದಿ ತೋರಿಸಿದರು. “ಮೆಟ್ಲು ಹತ್ಕೊಂಡು ಬಂದಿದೀಯಲ್ಲಯ್ಯ. ಇನ್ನೇನು ಅಂಗವಿಕಲ?”

“ಹತ್ತದೆ ನಿಮ್ಮನ್ನ ನೋಡೋದೆಂಗೆ ಸಾರ್?”

“ಇಂಥ ಕಾರ್ಡು ಸಂತೇಲಿ ಸಿಗ್ತವೆ. ಪ್ಯಾಂಟು ಬಿಚ್ಚು, ನೋಡಣ.”

ಗುಮಾಸ್ತರೆಲ್ಲ ಬರೆಯುವುದನ್ನು ಬಿಟ್ಟು ತಿರುಗಿದರು. ಕಿಟಕಿಯಿಂದ ಕೆಳಗೆ ನೋಡಿದೆ. ನನ್ನ ಸ್ಕೂಟರನ್ನು ಚರಂಡಿ ಪಕ್ಕಕ್ಕೆ ದಬ್ಬಿ, ನೀಲಿ ಜಾಗದಲ್ಲಿ ಮೋಹನ್‌ಬಾಬುವಿನ ಬಿಳಿ ಕಾರು ನಿಲ್ಲಿಸಿದ್ದರು. ಬಯ್ಯಪ್ಪ ಅದಕ್ಕೆ ಕಾವಲು ನಿಂತಿದ್ದ.

“ಅಲ್ಲಿ ಇವರ ಕಾರು ನಿಂತೈತೆ. ಇವರ ಪ್ಯಾಂಟೂ ಬಿಚ್ಚಿಸಿ ನೋಡಿದ್ರಾ ಸಾರ್?”

ಮೋಹನ್‌ಬಾಬು ಕಾಫಿ ನುಂಗಲಾರದೆ ಕೆಮ್ಮಿದ. “ಮಾದರ ನನ್ಮಗನಿಗೆ ಬಾಯಿ ಬಂತಲ್ಲ!” ಎಂದು ಎದ್ದ. ಸಾಹೇಬರು ಕಾರ್ಡನ್ನು ನೆಲಕ್ಕೆಸೆದು, “ತೊಲಗು ಇಲ್ಲಿಂದ” ಎಂದು ಅರಚಿದರು. ಕಾರ್ಡು ಎತ್ತಿಕೊಂಡು ಕೆಳಗಿಳಿದೆ.

ಬಯ್ಯಪ್ಪ ಬೀಡಿ ಹಚ್ಚಲು ಅತ್ತ ಹೋಗಿದ್ದ. ಸ್ಕೂಟರನ್ನು ಕಾರಿನ ಹಿಂದೆ ಅಡ್ಡ ತಂದು ನಿಲ್ಲಿಸಿದೆ. ಮುಂದೆ ಗೋಡೆ, ಪಕ್ಕದಲ್ಲಿ ಕಂಬ, ಹಿಂದೆ ನಾನು. ಕೀಲಿಯನ್ನು ಜೇಬಿಗೆ ಹಾಕಿ, ಪ್ಯಾಂಟಿನ ಸುಕ್ಕು ನೇರ ಮಾಡಿಕೊಂಡು ಸೀಟಿನ ಮೇಲೆ ಕುಳಿತೆ.

ಓಡಿ ಬಂದ ಬಯ್ಯಪ್ಪ ಕಾಲರ್ ಹಿಡಿದು ಎಳೆದ. ನಾನು ಹ್ಯಾಂಡಲ್ ಬಿಡಲಿಲ್ಲ. ಅಂಗಿಯ ಗುಂಡಿ ಕಿತ್ತುಬಂತು. ಜನ ಸೇರಿದರು. ಯಾರೋ ಮೊಬೈಲ್ ಎತ್ತಿ ಹಿಡಿದ ಮೇಲೆ ಬಯ್ಯಪ್ಪನ ಕೈ ತಾನಾಗಿಯೇ ಸಡಿಲವಾಯಿತು.

ಮೇಲಿನ ಕಿಟಕಿಯಲ್ಲಿ ಸಾಹೇಬರ ತಲೆ ಕಾಣಿಸಿತು. “ಏಯ್! ಗಾಡಿ ತೆಗೆಯೋ! ಕೇಸ್ ಹಾಕ್ತೀನಿ! ಬಾರೋ ಮೇಲೆ!”

“ನಾ ಬರಕ್ಕಿಲ್ಲ ಸಾರ್. ಮೇಲೆ ಬಂದ್ರೆ ಕುಂಟ ಅಲ್ಲ ಅಂತೀರ. ಕೇಸ್ ಹಾಕಾದಿದ್ರೆ ನೀವೇ ಇಳಿದು ಬನ್ನಿ.”

ತಲೆ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು. ಬರಲಿ. ನಾನು ಜೋರಾಗಿ, ನೆರೆದವರಿಗೆಲ್ಲ ಕೇಳುವಂತೆ, ಅವರು ಇಳಿಯುವ ಮೆಟ್ಟಿಲುಗಳನ್ನು ಒಂದರಿಂದ ಎಣಿಸತೊಡಗಿದೆ.