ಏಳು ಬಾಗಿಲ ಪಟ್ಟಣ ಮತ್ತು ತಂಗಿಯ ಚಮಚಗಳು

ನನ್ನ ತಂಗಿಯ ಗಂಡನಿಗೆ ನಾನಿಟ್ಟ ಹೆಸರು ಪಂಡಿತ. ಎದುರಿಗೂ ಹಾಗೇ ಕರೆಯುತ್ತೇನೆ. ಅದು ಹೊಗಳಿಕೆ ಅಂತ ಅವನು ತಿಳಿದಿದ್ದಾನೆ. ಏಳು ಬಾಗಿಲು, ಚಿನ್ನದ ಚಾವಣಿ, ಒಂದೇ ರಾತ್ರಿಯಲ್ಲಿ ಭೂಮಿ ಬಾಯಿಬಿಟ್ಟು ನುಂಗಿದ ಪಟ್ಟಣ. ಅಜ್ಜಿಯರು ಮಕ್ಕಳನ್ನು ಮಲಗಿಸಲು ಹೇಳುವ ಕಥೆ ಅದು. ಕೇಳಿದ ಮಕ್ಕಳೆಲ್ಲ ಮಲಗಿದರು, ಪಂಡಿತ ಮಾತ್ರ ಎದ್ದು ಗುದ್ದಲಿ ಹುಡುಕಿದ.

ಈ ಹುಚ್ಚು ಹತ್ತಿಸಿದವರು ಅವನ ಗುರುಗಳು. ಪಟ್ಟಣ ಈ ಗುಡ್ಡದಲ್ಲೇ ಇದೆ ಎಂದು ದಪ್ಪ ದಪ್ಪ ಪುಸ್ತಕ ಬರೆದು, ಮೂಗಿಗೆ ನಶ್ಯ ಏರಿಸಿಕೊಂಡು ಕಾಲ ಕಳೆದು, ಸಾಯುವಾಗ ಗುಡ್ಡದ ಬುಡದ ತಮ್ಮ ಮನೆಯನ್ನು ಶಿಷ್ಯನಿಗೆ ಬಿಟ್ಟುಹೋದರು. "ಹಿತ್ತಲು ಮಾತ್ರ ಅಗೆಯಬೇಡ" ಎಂದಿದ್ದರಂತೆ. ಪಂಡಿತ ಗುಡ್ಡವನ್ನೆಲ್ಲ ಹೆಗ್ಗಣದ ಹಾಗೆ ತೋಡಿದ. ಒಡೆದ ಮಡಕೆ ಬಿಟ್ಟು ಏನೂ ಸಿಗದಿದ್ದಾಗ, ಬೇಡ ಅಂದ ಜಾಗದಲ್ಲೇ ಗುಟ್ಟಿದೆ ಎಂದು ತೀರ್ಮಾನಿಸಿದ.

ಈ ಅಗೆಯುವವರಲ್ಲಿ ಒಂದು ಪದ್ಧತಿ ಇದೆ. ಗುಂಡಿ ಮುಚ್ಚುವ ಮೊದಲು ತಳದಲ್ಲಿ ತಮ್ಮ ಕಾಲದ ಏನಾದರೊಂದು ವಸ್ತು ಇಡುತ್ತಾರೆ. ಮುಂದೆ ಅಗೆಯುವವನಿಗೆ ಅದು ಸಿಕ್ಕರೆ, ಇಲ್ಲಿಯವರೆಗೆ ನೋಡಿಯಾಗಿದೆ ಎಂದರ್ಥ. ಪಂಡಿತ ಇಡುತ್ತಿದ್ದದ್ದು ಚಮಚ. ತಂಗಿಯ ಮನೆಯಲ್ಲಿ ಈಗ ಲೋಟದ ಸಕ್ಕರೆಯನ್ನು ಸೌಟಿನ ಹಿಡಿಯಿಂದ ಕದಡುತ್ತಾರೆ.

ಆ ದಿನ ನಾನು ಹೋದಾಗ ತಂಗಿ ಬಟ್ಟೆಗಂಟು ಕಟ್ಟಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು.

"ನಾಳೆ ಗಾರೆ ಕೆಲಸದವನು ಬಂದು ಈ ಗೋಡೆ ಕೆಡವ್ತಾನಂತೆ ಅಕ್ಕ. ನನ್ನ ಒಲೆ ಕೆಳಗೆ ರಾಜಬೀದಿ ಇದೆಯಂತೆ! ಗೋಡೆ ಬಿತ್ತೋ, ನಾನು ನಿನ್ನ ಮನೆಗೆ. ಮತ್ತೆ ಈ ಕಡೆ ತಲೆ ಹಾಕಲ್ಲ."

ಹಿತ್ತಲಿನ ಗುಂಡಿಯಿಂದ ಪಂಡಿತನ ತಲೆ ಮೇಲೆದ್ದಿತು. "ಬನ್ನಿ ಅಕ್ಕ. ಆ ಕಡೆ ಗಟ್ಟಿ ಹಳದಿ ಮಣ್ಣು, ಈ ಕಡೆ ಸಡಿಲ ಕಪ್ಪು ಮಣ್ಣು. ನಡುವೆ ದಾರ ಹಿಡಿದ ಹಾಗೆ ಗೆರೆ. ಇದೇ ಮೊದಲನೇ ಬಾಗಿಲಿನ ಗೋಡೆ!"

"ಗೋಡೆ ಎಲ್ಲಿ, ಪಂಡಿತರೇ?"

"ಕಲ್ಲನ್ನ ಕಳ್ಳರು ಕಿತ್ಕೊಂಡು ಹೋಗಿದಾರೆ."

"ಕಲ್ಲು ಇತ್ತು ಅಂತ ಹೇಗೆ ಗೊತ್ತು?"

"ಇಲ್ಲದಿದ್ರೆ ಕಳ್ಳರು ಏನನ್ನ ಕದೀತಿದ್ರು?"

"ಹಾಗಾದ್ರೆ ನಮ್ಮಪ್ಪನ ಮನೇಲಿ ಚಿನ್ನದ ತೊಟ್ಟಿಲಿತ್ತು. ಈಗ ಇಲ್ಲ ನೋಡಿ, ಅದೇ ಸಾಕ್ಷಿ."

ಅವನು ಗಂಭೀರವಾಗಿ ತಲೆಯಾಡಿಸಿದ. ಇಂಥವನ ಜೊತೆ ಸಂಸಾರ ಮಾಡಿದ್ದಕ್ಕೆ ನನ್ನ ತಂಗಿಗೆ ಯಾರಾದರೂ ಶಾಲು ಹೊದಿಸಬೇಕು.

"ಮೊದಲು ಈ ಗುಂಡಿಯ ತಳ ತೋರಿಸಿ, ಆಮೇಲೆ ಅವಳ ಗೋಡೆ ಮುಟ್ಟಿ" ಎಂದೆ. ಅದಕ್ಕೊಪ್ಪಿ ಅಗೆದ. ಸಂಜೆಯ ಹೊತ್ತಿಗೆ ಗುದ್ದಲಿ ಟಣ್ ಎಂದಿತು. "ಚಿನ್ನ!" ಎಂದು ಕೂಗಿಕೊಂಡವನು ಮೊಣಕಾಲೂರಿ ಮಣ್ಣು ಸರಿಸಿದ.

ನಾವಿಬ್ಬರೂ ಬಗ್ಗಿ ನೋಡಿದೆವು. ಅವನ ಅಂಗೈಯಲ್ಲಿ ಮುಚ್ಚಳ ನೆಗ್ಗಿದ ಹಿತ್ತಾಳೆ ಡಬ್ಬಿ. ನಡುಮನೆಯ ಪಟದಲ್ಲಿ ಗುರುಗಳ ಕೈಯಲ್ಲಿರುವ ನಶ್ಯದ ಡಬ್ಬಿಯೇ, ಅದೇ ನೆಗ್ಗು.

"ಅದರ ಕೆಳಗೆ?" ತಂಗಿ ಕೇಳಿದಳು.

"ಯಾರೂ ಮುಟ್ಟದ ಮಣ್ಣು" ಎಂದ. "ಬರೀ ಮಣ್ಣು."

ಅಂದರೆ ಗುರುಗಳು ಇಲ್ಲಿ ತಳದವರೆಗೂ ಅಗೆದಿದ್ದರು; ಪಂಡಿತ ಗೋಡೆ ಅಂದುಕೊಂಡ ಗೆರೆ ಆ ಹಳೇ ಗುಂಡಿಯ ಅಂಚು. ಏನೂ ಸಿಗದಿದ್ದಾಗ ಡಬ್ಬಿ ಇಟ್ಟು, ಗುಂಡಿ ಮುಚ್ಚಿ, ಒಳಗೆ ಹೋಗಿ ಕೈ ತೊಳೆದು, ಏಳು ಬಾಗಿಲ ಬಗ್ಗೆ ಇನ್ನೊಂದು ಪುಸ್ತಕ ಬರೆದಿದ್ದರು. 'ಕಳ್ಳ ಸಿಕ್ಕಿದನಲ್ಲ, ಪಂಡಿತರೇ' ಎನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡೆ.

ಪಂಡಿತ ಡಬ್ಬಿಯನ್ನು ಒರೆಸಿ ಮೊದಲಿದ್ದ ಜಾಗದಲ್ಲೇ ಇಟ್ಟ. ಹೆಂಡತಿಯ ಕಡೆ ಕೈ ಚಾಚಿದ. "ಒಂದು ಚಮಚ ಕೊಡು. ಗಾರೆಯವನಿಗೆ ಬರೋದು ಬೇಡ ಅಂತ ಹೇಳ್ತೀನಿ."

ತಂಗಿ ಗಂಟು ಬಿಚ್ಚಿ, ಬಟ್ಟೆಯ ನಡುವೆ ಅಡಗಿಸಿಟ್ಟಿದ್ದ ಕೊನೆಯ ಚಮಚ ತೆಗೆದುಕೊಟ್ಟಳು. ಗಂಟನ್ನು ಮತ್ತೆ ಕಟ್ಟಲಿಲ್ಲ.

ಮುಂದಿನ ವಾರ ಊರಿನ ಸಭಾಂಗಣದಲ್ಲಿ ಪಂಡಿತನ ಭಾಷಣ. ಹೊಸ ಸಾಕ್ಷ್ಯದ ಪ್ರಕಾರ ಏಳು ಬಾಗಿಲ ಪಟ್ಟಣ ಗುಡ್ಡದ ಆಚೆ ಬದಿಯಲ್ಲಿದೆಯಂತೆ. ಜನ ಕೂತಲ್ಲಿಂದ ಎದ್ದು ಚಪ್ಪಾಳೆ ಹೊಡೆದರು. ನಾಚಿಕೆಯಾಗಿ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

"ಗುರುವಿಗೆ ತಕ್ಕ ಶಿಷ್ಯ ಕಣೇ! ನೀನಾದರೂ ಸುಮ್ಮನಿರು ಅನ್ನಬಾರದಾ?"

ತಂಗಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. "ಹೇಳಲಿ ಬಿಡಕ್ಕ. ಗುಡ್ಡದ ಆಚೆ ಯಾರ ಅಡುಗೆಮನೆಯೂ ಇಲ್ಲ."