ಮುಷ್ಟಿ ಬಿಡಿ

ಚೆಂಡು ಕುರ್ಚಿಯಡಿಗೆ ಉರುಳಿತು, ಹಳದಿ ರಬ್ಬರ್ ಚೆಂಡು, ಲ್ಯಾಬಿಗೆ ರಕ್ತ ಪರೀಕ್ಷೆಗೆ ಬಂದವರೆಲ್ಲ ಹಿಸುಕಿ ಹಿಸುಕಿ ಅರ್ಧ ಬಣ್ಣವೇ ಹೋಗಿದೆ, ಮೊಣಕಾಲೂರಿ ತೆಗೆಯಬೇಕು — ನೋಡಪ್ಪಾ ಕರ್ತನೇ, ಬೆಳಿಗ್ಗೆಯಿಂದ ನಾನು ಮೊಣಕಾಲೂರಿದ್ದು ಇದು ಎರಡನೇ ಸಲ, ಮೊದಲನೆಯದು ನಿನಗಾಗಿ, ಐದೂವರೆಗೆ, ಮಂಚದ ಪಕ್ಕ, ಎಷ್ಟು ಚೆನ್ನಾಗಿ ಶುರುಮಾಡಿದ್ದೆ, ಕಣ್ಣು ಮುಚ್ಚಿ, ಕೈ ಜೋಡಿಸಿ, ನೀನೇ ಕಲಿಸಿದ ಪ್ರಾರ್ಥನೆ, ದಿನದ ಆಹಾರ ಕೇಳುವ ಸಾಲಿನವರೆಗೂ ಬಂದೆ, ಆಹಾರ ಅಂದದ್ದೇ ತಡ ಪುಟ್ಟಿಯ ಊಟದ ಡಬ್ಬಿ ನೆನಪಾಯಿತು, ಅಯ್ಯೋ, ನಿನ್ನೆಯದು ತೊಳೆಯದೆ ಸ್ಕೂಲ್ ಬ್ಯಾಗಿನಲ್ಲೇ ಬಿದ್ದಿದೆ, ಎದ್ದೆ, ಓಡಿದೆ, ಆಮೆನ್ ಕೂಡ ಹೇಳಲಿಲ್ಲ. ಮೂರು ವಾರದಿಂದ ಇದೇ ಕಥೆ, ಆ ಸಾಲು ದಾಟುವುದೇ ಇಲ್ಲ, ಕ್ಷಮಿಸು ಅನ್ನುವುದು ಅದರ ಮುಂದಿನ ಸಾಲು, ಅಲ್ಲಿಗೆ ತಲುಪಿದರೆ ತಾನೇ ನಾನು ಕ್ಷಮೆ ಕೇಳುವುದು, ಅಷ್ಟರಲ್ಲಿ ಪುಟ್ಟಿ ಬಾಗಿಲಲ್ಲಿ ಅಂಗೈ ಚಾಚಿ ನಿಂತಿರುತ್ತಾಳೆ, ಅಮ್ಮಾ ಡಬ್ಬಿ, ಅಮ್ಮಾ ವ್ಯಾನ್ ಬಂತು, ಆ ಪುಟ್ಟ ಅಂಗೈಯಲ್ಲಿ ಡಬ್ಬಿ ಇಟ್ಟಾಗ ನನ್ನ ಬೆಳಗು ಮುಗಿದುಹೋಗಿರುತ್ತದೆ. ಇಂಥವಳನ್ನು ಹಿಡಿದು ಪಾಸ್ಟರಮ್ಮ ಕೇಳಿದರಲ್ಲ, ಇವತ್ತು ಸಂಜೆ ಹೆಂಗಸರ ಕೂಟದಲ್ಲಿ ಐದು ನಿಮಿಷ ಮಾತಾಡಮ್ಮ, ಇಷ್ಟು ಕೆಲಸದ ನಡುವೆ ದೇವರಿಗೆ ಹೇಗೆ ಸಮಯ ಮಾಡ್ಕೋತೀಯ ಅಂತ, ನಿನ್ನಷ್ಟು ಓಡಾಡೋರು ಬೇರೆ ಯಾರಿದ್ದಾರೆ, ನೀನು ಹೇಳಿದ್ರೆ ಕೇಳ್ತಾರೆ — ಹೂಂ ಅಂದುಬಿಟ್ಟೆ, ಇಲ್ಲ ಅನ್ನುವ ಮಾತು ನನ್ನ ಬಾಯಿಗೆ ಬಂದರೆ ತಾನೇ. ಬರೆದೂ ಇಟ್ಟುಕೊಂಡಿದ್ದೇನೆ, ಇಲ್ಲೇ ಕೋಟಿನ ಜೇಬಿನಲ್ಲಿದೆ ಚೀಟಿ, ನಾನು ಪ್ರತಿದಿನ ಬೆಳಿಗ್ಗೆ ಒಂದು ಗಂಟೆ ಪ್ರಾರ್ಥನೆಯಲ್ಲಿ ಕಳೆಯುತ್ತೇನೆ, ನಮ್ಮ ಮನೆಯವರು ಓದಿ ಕನ್ನಡಕ ತೆಗೆದರು, ಒಂದು ಗಂಟೇನಾ, ಯಾವ ಮನೇಲಿ ಕಣೇ, ಸ್ವಲ್ಪ ಅಡ್ರೆಸ್ ಕೊಡು. ನಗಬೇಡಿ ಅಂದೆ, ನಾನೇ ನಕ್ಕೆ, ಆಮೇಲೆ ಚೀಟಿ ಕಿತ್ತುಕೊಂಡು ಮಡಚಿಟ್ಟೆ, ನಲವತ್ತು ಹೆಂಗಸರ ಎದುರು, ನಿನ್ನ ಮನೆಯಲ್ಲೇ ನಿಂತು, ನಿನ್ನ ಹೆಸರಲ್ಲೇ ಸುಳ್ಳು, ಆದರೆ ನಿಜ ಹೇಳಿದರೆ ನಾಳೆಯಿಂದ ಅವರಿಗೆ ಹೇಗೆ ಮುಖ ತೋರಿಸಲಿ.

ಮುಂದಿನವರು ಬನ್ನಿ, ಬಂದವನು ಲಾರಿ ಡ್ರೈವರ್, ಬಾಗಿಲು ತುಂಬುವ ಆಳು, ಮೀಸೆ ನೋಡಿದರೆ ನಾನೇ ಹೆದರಬೇಕು, ಸೂಜಿ ಕಂಡು ಅವನು ಬೆವರುತ್ತಿದ್ದಾನೆ, ಸಿಸ್ಟರ್, ನಾಳೆ ಬರ್ಲಾ, ನಾಳೆನೂ ಇದೇ ಸೂಜಿ ಅಣ್ಣ, ಕೂತ್ಕೊಳ್ಳಿ, ಚೆಂಡು ಹಿಡ್ಕೊಂಡು ಮುಷ್ಟಿ ಬಿಗಿ ಮಾಡಿ, ಕಣ್ಣು ಮುಚ್ಚಿ — ದಿನಕ್ಕೆ ಎಷ್ಟು ಜನರಿಗೆ ಕಣ್ಣು ಮುಚ್ಚಿ ಅನ್ನುತ್ತೇನೋ, ನನ್ನವು ಮಾತ್ರ ರಾತ್ರಿಯವರೆಗೂ ತೆರೆದೇ ಇರುತ್ತವೆ. ಸಿಸ್ಟರ್, ನಿಮ್ಮ ಕುತ್ತಿಗೇಲಿ ಶಿಲುಬೆ ಇದೆಯಲ್ಲ, ನಿಮ್ಮ ದೇವರಿಗೆ ನನ್ನ ಪರವಾಗಿ ಒಂದು ಮಾತು ಹೇಳಿ, ನನಗೆ ಬಾಯೇ ಒಣಗಿದೆ. ಈಗಲೇನಾ, ಕೈಯಲ್ಲಿ ಸೂಜಿ, ತೋಳಿಗೆ ಪಟ್ಟಿ ಕಟ್ಟಾಗಿದೆ, ಟ್ರೇ ತುಂಬ ರಕ್ತದ ಕೊಳವೆಗಳು ಕಾಯುತ್ತಿವೆ, ಆದರೂ ಬಾಯಿಗೆ ಬಂತು, ಕರ್ತನೇ, ಈ ಅಣ್ಣನ ಜೊತೆಗಿರು, ನನ್ನ ಕೈ ನಡುಗದಿರಲಿ — ನರ ಸಿಕ್ಕಿತು, ಕೊಳವೆ ತುಂಬುತ್ತಿದೆ, ಅಣ್ಣ, ಮುಷ್ಟಿ ಬಿಡಿ, ಬಿಡುತ್ತಿಲ್ಲ ಪುಣ್ಯಾತ್ಮ, ಬಿಡೀಂದ್ರೆ, ಆಗಲೇ ಚುಚ್ಚಿ ಆಯ್ತು. ಒಂದೇ ಕಣ್ಣು ತೆರೆದ, ಆಯ್ತಾ, ಇಷ್ಟೇನಾ, ಇಷ್ಟಕ್ಕಾ ನಾನು ವಾರವಿಡೀ ನಿದ್ದೆಗೆಟ್ಟಿದ್ದು, ಮೆಲ್ಲಗೆ ಅಂಗೈ ಬಿಚ್ಚಿಕೊಂಡಿತು, ಅಷ್ಟು ದೊಡ್ಡ ಅಂಗೈ, ಪುಟ್ಟಿಯದರ ಹಾಗೇ ಮೇಲ್ಮುಖವಾಗಿ.

ಕೊಳವೆಗಳನ್ನು ರಕ್ತ ಬೇರ್ಪಡಿಸುವ ತಿರುಗುವ ಯಂತ್ರಕ್ಕಿಟ್ಟು ಮುಚ್ಚಳ ಒತ್ತಿದೆ, ಹತ್ತು ನಿಮಿಷ, ನಿಲ್ಲುವವರೆಗೂ ಅದು ತೆರೆಯುವುದಿಲ್ಲ, ಬೇರೆ ದಿನವಾದರೆ ಈ ಹತ್ತು ನಿಮಿಷಕ್ಕೆ ಹತ್ತು ಕೆಲಸ, ಗ್ಯಾಸಿನವನಿಗೆ ಫೋನು, ವ್ಯಾನಿನವನ ಜೊತೆ ಜಗಳ, ಇವತ್ತು ಕಾಲು ನೋಯುತ್ತಿದೆ, ರಕ್ತ ಕೊಡುವವರ ಕುರ್ಚಿಯಲ್ಲೇ ಕೂತೆ, ಆರು ವರ್ಷದಲ್ಲಿ ಮೊದಲ ಸಲ. ಇಷ್ಟೇನಾ, ಅಂದನಲ್ಲ ಡ್ರೈವರ್, ಅವನಿಗಾಗಿ ನಾನು ಮಾಡಿದ ಪ್ರಾರ್ಥನೆಯೂ ಇಷ್ಟೇ ಅಲ್ಲವೇ, ಒಂದು ಉಸಿರಿನಷ್ಟು, ಅದು ನಿನಗೆ ಮುಟ್ಟಲಿಲ್ಲವೇ, ಮುಟ್ಟಿತು, ನನ್ನ ಕೈ ನಡುಗಲಿಲ್ಲ — ಮತ್ತೆ ಬೆಳಿಗ್ಗೆ ನಾನು ಆಮೆನ್ ಹೇಳದೆ ಎದ್ದುಬಂದದ್ದು, ಹಾಗಾದರೆ ಮಾತು ಇನ್ನೂ ಮುಗಿದಿಲ್ಲ, ನೀನು ಮೂರು ವಾರದಿಂದ ಆ ಸಾಲಿನಲ್ಲೇ ಕಾಯುತ್ತಿದ್ದೀಯಾ, ಅಯ್ಯೋ ನನ್ನಪ್ಪಾ, ಬೇಜಾರಾಗಲಿಲ್ಲವೇ ನಿನಗೆ. ಸಿಸ್ಟರ್, ಬಾಗಿಲ ಸಂದಿಯಲ್ಲಿ ಮೀಸೆ, ಮೊಣಕೈಗೆ ಹತ್ತಿ ಒತ್ತಿಕೊಂಡು ನಗುತ್ತಿದ್ದಾನೆ, ನಿಮಗೂ ಭಯಾನಾ, ಹೂಂ ಅಣ್ಣ, ಇವತ್ತು ಸಂಜೆ ಜನರ ಮುಂದೆ ನಿಜ ಹೇಳ್ಬೇಕು, ಓ ಅಷ್ಟೇನಾ, ದೊಡ್ಡ ಡಾಕ್ಟರ ಗತ್ತಿನಲ್ಲಿ ಅಂದ, ಏನೂ ಆಗಲ್ಲ, ಕಣ್ಣು ಮುಚ್ಕೊಳ್ಳಿ, ಮುಷ್ಟಿ ಬಿಡಿ. ಮುಷ್ಟಿಯಾ, ನೋಡಿಕೊಂಡರೆ ಹೌದು, ಯಾವಾಗ ಜೇಬಿಗೆ ಕೈ ಹಾಕಿದೆನೋ, ಒಂದು ಗಂಟೆಯ ಪ್ರಾರ್ಥನೆಯ ಚೀಟಿ ಬೆರಳುಗಳ ನಡುವೆ ಉಂಡೆಯಾಗಿದೆ, ಹೇಳಿಬಿಡುತ್ತೇನೆ, ಡಬ್ಬಿಯ ಕಥೆಯನ್ನೇ ಹೇಳುತ್ತೇನೆ, ನಗಲಿ, ನಲವತ್ತರಲ್ಲಿ ಒಬ್ಬಳಾದರೂ ತನ್ನ ಮನೆಯ ಡಬ್ಬಿ ನೆನೆದುಕೊಂಡಾಳು, ಯಂತ್ರ ಗುಂಯ್‌ಗುಡುತ್ತಿದೆ, ಇನ್ನೂ ಎಂಟು ನಿಮಿಷ, ಕಣ್ಣು ಮುಚ್ಚುತ್ತೇನೆ, ಎಲ್ಲಿದ್ದೆವು ಕರ್ತನೇ, ಹಾಂ, ಆಹಾರ, ಅದು ಕೊಟ್ಟಾಯಿತು, ಅದರ ಮುಂದಿನದು, ಕ್ಷಮಿಸು — ಚೀಟಿ ಬುಟ್ಟಿಗೆ ಬಿತ್ತು, ಪುಟ್ಟಿಯ ಅಂಗೈ, ಡ್ರೈವರನ ಅಂಗೈ, ನನ್ನ ಅಂಗೈ, ಬಿಚ್ಚಿದ್ದು, ಖಾಲಿ, ಮೇಲ್ಮುಖ, ಅಂಗೈ —