ಮನೆಗೆ ಬೇರೆ ಏಣಿ

ಭಾವನ ಫೋನು ಬಂದಾಗ ನಾನು ನೆಲದ ಮೇಲೆ ಕೂತು ಗೋಡೆಗೆ ಮೆತ್ತುವ ಪುಟ್ಟಿ ಕಲಸುತ್ತಿದ್ದೆ. ನನ್ನ ಹೆಂಡತಿ ಏಣಿಯ ತುದಿಯಲ್ಲಿ ನಿಂತು ಛಾವಣಿಯ ಅಂಚಿಗೆ ಬ್ರಷ್ ಎಳೆಯುತ್ತಿದ್ದಳು. ನಾವಿಬ್ಬರೂ ಪೇಂಟರುಗಳು. ಗೋಡೆ ನನ್ನದು, ಅಂಚು ಅವಳದು. ರೋಲರ್ ಹಿಡಿದು ಗೋಡೆ ಬಳಿಯುವುದನ್ನು ಯಾರು ಬೇಕಾದರೂ ಕಲಿತಾರು. ಗೋಡೆ ಮುಗಿದು ಛಾವಣಿ ಶುರುವಾಗುವ ಕಡೆ ಟೇಪು ಅಂಟಿಸದೆ ನೇರ ಗೆರೆ ಎಳೆಯಬೇಕಾದರೆ ಕೈ ನಡುಗಬಾರದು. ಸಿಟ್ಟಿನವರ ಕೈ ನಡುಗಿಯೇ ನಡುಗುತ್ತದೆ ಎಂದು ಅವಳು ನನ್ನನ್ನು ಚುಚ್ಚುತ್ತಾಳೆ. ಅದಕ್ಕೂ ನನಗೆ ಸಿಟ್ಟು ಬರುತ್ತದೆ.

ಅವತ್ತು ಭಾನುವಾರ, ನಮ್ಮ ಕೆಲಸ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿತ್ತು. ರೋಗಿಗಳು ಕಾಯುವ ಕುರ್ಚಿಗಳನ್ನೆಲ್ಲ ನಡುವೆ ಪೇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದೆವು. ನಾನು ತೋರಿಸಿದ ಯಾವ ಬಿಳಿಯನ್ನೂ ಒಪ್ಪದ ಡಾಕ್ಟರು ಕೊನೆಗೆ ತಮ್ಮ ಹಲ್ಲನ್ನೇ ತೋರಿಸಿ, "ಈ ಬಿಳಿ ಬರ್ಬೇಕು" ಎಂದಿದ್ದರು. ದಿನವಿಡೀ ಕಾಫಿ ಕುಡಿಯುವವರ ಹಲ್ಲು ಅದು. ನಾವು ಮರುಮಾತಾಡದೆ ಬಿಳಿಗೆ ಒಂದಿಷ್ಟು ಹಳದಿ ಬೆರೆಸಿದೆವು. ಡಾಕ್ಟರಿಗೆ ಪರಮಾನಂದವಾಯಿತು.

ಭಾವ ಎಂದರೆ ನನ್ನ ಅಕ್ಕನ ಗಂಡ. ನನ್ನ ಹೆಂಡತಿ ಅವರನ್ನು ಅಣ್ಣ ಎನ್ನುತ್ತಾಳೆ, ಅವರಿಗೆ ಅವಳು ತಂಗಿ. ವಿಮಾ ಕಚೇರಿಯಲ್ಲಿ ಗುಮಾಸ್ತರು. ಸಂಜೆ ಮತ್ತು ರಜೆಯ ದಿನ ಮನೆಯ ಹಾಲಿನಲ್ಲೇ ವಿಡಿಯೋ ಮಾಡಿ ತಮ್ಮ ಚಾನೆಲ್ಲಿಗೆ ಹಾಕುತ್ತಾರೆ. ಡ್ರಿಲ್ಲು, ಇಸ್ತ್ರಿಪೆಟ್ಟಿಗೆ, ನೀರಿನ ಫಿಲ್ಟರು, ಯಾವುದನ್ನು ಕೊಳ್ಳಬೇಕು, ಯಾವುದನ್ನು ಮುಟ್ಟಲೂ ಬಾರದು ಎಂದು ಬಿಡಿಸಿ ಹೇಳುತ್ತಾರೆ. ವಿಡಿಯೋದ ಕೆಳಗೆ ಒಂದು ಲಿಂಕ್ ಇರುತ್ತದೆ. ಅದನ್ನು ಒತ್ತಿ ಆ ಸಾಮಾನು ಕೊಂಡರೆ ಕೊಂಡವರಿಗೆ ಬೆಲೆಯೇನೂ ಹೆಚ್ಚಾಗುವುದಿಲ್ಲ, ಮಾರಿದ ಕಂಪನಿ ಭಾವನಿಗೆ ಒಂದು ಪಾಲು ಕೊಡುತ್ತದೆ. ನಮ್ಮ ಬಳಗದಲ್ಲಿ ಒಂದು ಸೌಟು ಕೊಳ್ಳುವುದಿದ್ದರೂ ಭಾವನನ್ನು ಕೇಳಿಯೇ ಕೊಳ್ಳುತ್ತಿದ್ದರು. ನನಗಂತೂ ಅವರು ಹೇಳಿದ್ದೇ ವೇದವಾಕ್ಯ.

ನನ್ನ ಹೆಂಡತಿ ನಿಂತಿದ್ದ ಏಣಿಯೂ ಹಾಗೆ ಬಂದದ್ದೇ. ಮಡಚುವ ಏಣಿ, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ವಿಡಿಯೋದಲ್ಲಿ ಭಾವ ಅದರ ಮೈ ತಟ್ಟಿ, "ಕಣ್ಣು ಮುಚ್ಕೊಂಡು ತಗೊಳ್ಳಿ" ಎಂದಿದ್ದರು. ನಾನು ಕಣ್ಣು ಮುಚ್ಚಿಕೊಂಡೇ ತಗೊಂಡೆ. ಕೀಲಿನ ಹತ್ತಿರದ ಕೊಂಡಿ ಕೂರುವಾಗ ಯಾಕೋ ಸ್ವಲ್ಪ ಸಡಿಲ ಅನ್ನಿಸಿತ್ತು. ನನ್ನದು ಮರದ ಏಣಿಗೆ ಒಗ್ಗಿದ ಕೈ, ಹೊಸ ಬಗೆಯದು ಹೀಗೇ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ. ಭಾವನೇ ಒಪ್ಪಿದ ಮೇಲೆ ನನ್ನದೇನು ತಕರಾರು?

ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡೆ, ಕೈಯೆಲ್ಲ ಪುಟ್ಟಿಯಾಗಿತ್ತು.

"ಏನೋ ಬಣ್ಣದ ದೊರೆ, ಕೆಲಸದಲ್ಲಿದ್ದೀಯಾ?"

"ಹೇಳಿ ಭಾವಾ."

"ಒಂದು ಸಣ್ಣ ಉಪಕಾರ ಆಗ್ಬೇಕಲ್ಲ. ನಿಂಗೊಂದು ಲಿಂಕ್ ಕಳಿಸಿದೀನಿ. ಅದನ್ನ ಒತ್ತಿ ಅದ್ರಲ್ಲಿರೋದನ್ನ ಆರ್ಡರ್ ಮಾಡು. ನಿಮ್ಮನೆಗೇ ತರಿಸ್ಕೋ, ನಾನು ಬಂದು ತಗೊಂಡ್ಹೋಗ್ತೀನಿ. ದುಡ್ಡು ಈಗ್ಲೇ ಹಾಕ್ತೀನಿ."

"ನೀವೇ ತರಿಸ್ಬೋದಲ್ಲ?"

"ನನ್ನ ಲಿಂಕಿಂದ ನಾನೇ ಕೊಳ್ಳೋ ಹಾಗಿಲ್ಲ ಕಣೋ. ಅದು ಕಂಪನಿಯವರ ನಿಯಮ. ಗೊತ್ತಾದ್ರೆ ನನ್ನ ಖಾತೆನೇ ಮುಚ್ಚಿಬಿಡ್ತಾರೆ. ನೀನು ಕೊಂಡ್ರೆ ಯಾರಿಗೆ ಗೊತ್ತಾಗುತ್ತೆ? ಹೇಗೂ ಕೊಳ್ಳೋ ಸಾಮಾನು, ಪಾಲು ಯಾಕೆ ಬಿಡ್ಬೇಕು?"

ಮೇಲಿನಿಂದ ಹೆಂಡತಿ ಬೇಡವೆಂದು ತಲೆಯಾಡಿಸಿದಳು. ನಾನು ಮೊಣಕೈಯಿಂದ ಫೋನು ಮುಚ್ಚಿದೆ.

"ಆಗಲ್ಲ ಅಂದ್ಬಿಡಿ," ಎಂದಳು.

"ಅದ್ರಲ್ಲೇನೇ ತಪ್ಪು? ಅಂಗಡಿಯೋನು ತನ್ನಂಗಡಿ ಸಾಮಾನು ತಾನೇ ತಗೊಳ್ಳಲ್ವಾ?"

"ಅಂಗಡಿ ಅಣ್ಣಂದಲ್ಲವಲ್ಲ. ಮಾಡ್ಬೇಡ ಅಂತ ಅವರಿಗೆ ಹೇಳಿರೋದನ್ನ ನಿಮ್ಮ ಕೈಲಿ ಮಾಡಿಸ್ತಿದ್ದಾರೆ, ಅಷ್ಟೇ."

"ಮೇಲೆ ನಿಂತೋರಿಗೆ ನ್ಯಾಯ ಬಹಳ ಚೆನ್ನಾಗಿ ಕಾಣುತ್ತೆ ಬಿಡು," ಎಂದು ಗೇಲಿ ಮಾಡಿ, ಕೈ ಒರೆಸಿಕೊಂಡು ಲಿಂಕ್ ಒತ್ತಿದೆ.

ತೆರೆದುಕೊಂಡದ್ದು ಒಂದು ಏಣಿಯ ಚಿತ್ರ. ಬೇರೆ ಕಂಪನಿಯದು. ದಪ್ಪನೆಯ ಕಾಲು, ಅಗಲವಾದ ಮೆಟ್ಟಿಲು, ಎರಡು ಕಾಲಿನ ನಡುವೆ ಕಬ್ಬಿಣದ ಅಡ್ಡಪಟ್ಟಿ. ನನಗೆ ನಗು ಬಂತು.

"ಭಾವಾ, ತಪ್ಪು ಲಿಂಕ್ ಕಳಿಸಿದ್ದೀರ. ಇದು ಬೇರೆ ಯಾವ್ದೋ ಏಣಿ. ನೀವು ವಿಡಿಯೋದಲ್ಲಿ ಹೇಳಿದ್ದಲ್ಲ."

"ಸರಿಯಾಗೇ ಇದೆ. ಅದನ್ನೇ ಮಾಡು."

"ಅಲ್ಲ, ನೀವು ಹೇಳಿದ್ದು ಅಷ್ಟು ಹಗುರ, ಅಷ್ಟು ಚೆಂದ..."

"ಅಯ್ಯೋ, ಅದು ಬೇಡ ಕಣೋ. ಇದು ಮನೆಗೆ. ಫ್ಯಾನ್ ಒರೆಸೋಕೆ ನಿಮ್ಮಕ್ಕ ಹತ್ತೋದಲ್ವಾ!"

ಮಾತು ಬಾಯಿಂದ ಬಿದ್ದ ಮೇಲೆ ಅವರಿಗೂ ತಿಳಿಯಿತೆಂದು ಕಾಣುತ್ತದೆ. ಫೋನಿನ ಆ ಕಡೆ ಒಂದು ಒಣಕೆಮ್ಮು ಕೇಳಿಸಿತು. ಪಾಲಿನ ಆಸೆಗೆ ಅವರ ಬುದ್ಧಿಗೆ ಮಂಕು ಕವಿದಿತ್ತು, ಯಾರ ಹತ್ತಿರ ಏನು ಹೇಳುತ್ತಿದ್ದೇನೆ ಎಂಬುದೇ ಮರೆತುಹೋಗಿತ್ತು.

ನಾನು ಮೇಲೆ ನೋಡಿದೆ. ನನ್ನ ಹೆಂಡತಿ ಮೂಲೆಗೆ ಕೈ ಚಾಚಿ ಒಂದು ಹಿಮ್ಮಡಿ ಎತ್ತಿ ನಿಂತಿದ್ದಳು. ಅವಳಿಗೂ ಎಲ್ಲ ಕೇಳಿಸಿತ್ತು. ಬ್ರಷ್ ಗೋಡೆಗೆ ಅಂಟಿಕೊಂಡೇ ನಿಂತಿತು, ಅದರಿಂದ ಬಣ್ಣ ಇಳಿದು ಅವಳ ಮೊಣಕೈವರೆಗೆ ಹರಿಯಿತು.

"ಹಂಗೇ ಇರು. ಅಲ್ಲಾಡ್ಬೇಡ."

ಓಡಿಹೋಗಿ ಏಣಿಯ ಎರಡು ಕಾಲುಗಳನ್ನೂ ಅವುಚಿ ಹಿಡಿದೆ. ಅವಳು ಒಂದೊಂದೇ ಮೆಟ್ಟಿಲು ಇಳಿದಳು. ದಿನವೂ ಹತ್ತಿ ಇಳಿಯುವವಳು ಅವತ್ತು ಪ್ರತಿ ಮೆಟ್ಟಿಲನ್ನೂ ಹೆಬ್ಬೆರಳಿನಿಂದ ತಡವಿ ನೋಡಿ ಕಾಲೂರಿದಳು. ನೆಲ ಮುಟ್ಟಿದ ಮೇಲೆ ಗೋಡೆಗೆ ಒರಗಿ ಕೂತುಬಿಟ್ಟಳು, ಹಸಿ ಬಣ್ಣ ಬೆನ್ನಿಗೆ ಮೆತ್ತಿಕೊಂಡರೂ ಅವಳಿಗೆ ಗೊತ್ತಾಗಲಿಲ್ಲ.

ನಾನು ಏಣಿಯ ಕೊಂಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿದೆ. ಸಲೀಸಾಗಿ ಬಿಟ್ಟುಕೊಂಡಿತು. ನೆಲದ ಮೇಲಿನ ಫೋನು, "ಹಲೋ, ಹಲೋ, ಕೇಳ್ತಿದ್ಯೇನೋ?" ಎನ್ನುತ್ತಲೇ ಇತ್ತು.

ಅಕ್ಕನ ಮನೆ ಎರಡು ಬೀದಿಯ ಆಚೆ. ಏಣಿಯನ್ನು ಹೆಗಲಿಗೇರಿಸಿ ನಡೆದೆ, ಹೆಂಡತಿ ಹಿಂದೆಯೇ ಬಂದಳು. ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು ತಿರುಗುವವನು ನಾನು. ಹಾಲಿನವನ ಜೊತೆ, ಬಣ್ಣದ ಅಂಗಡಿಯವನ ಜೊತೆ, ಕೊನೆಗೆ ಕೊಡೆ ಬಿಚ್ಚಿಕೊಳ್ಳದಿದ್ದರೆ ಕೊಡೆಯ ಜೊತೆಗೂ ಜಗಳವಾಡುವವನು. ಅವತ್ತು ಮಾತ್ರ ಎಷ್ಟು ಹುಡುಕಿದರೂ ಸಿಟ್ಟೇ ಸಿಗಲಿಲ್ಲ. ತಲೆಯೊಳಗೆ ಒಂದೇ ಮಾತು ಸುತ್ತುತ್ತಿತ್ತು: ನಿಮ್ಮಕ್ಕ ಹತ್ತೋದಲ್ವಾ.

ಅಕ್ಕ ಹಾಲಿನಲ್ಲಿ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಒಂದು ಮೂಲೆಯಲ್ಲಿ ಭಾವನ ದೀಪಗಳು, ಹಿಂದೆ ಇಳಿಬಿಟ್ಟ ಬಿಳಿ ಬಟ್ಟೆ, ಬಿಚ್ಚದ ರಟ್ಟಿನ ಪೆಟ್ಟಿಗೆಗಳು. ಏಣಿ ನೋಡಿ ಅಕ್ಕ ನಕ್ಕಳು.

"ಏನೋ ಇದು, ಕರೀದೇ ಬಂದು ನಮ್ಮನೆಗೂ ಬಣ್ಣ ಹೊಡೀತೀಯಾ?"

ಭಾವ ಒಳಕೋಣೆಯಿಂದ ಬಂದವರು ಅಲ್ಲೇ ಬಾಗಿಲಲ್ಲಿ ನಿಂತರು. ಫೋನಿನಲ್ಲಿ ಆದ ಮಾತನ್ನು ನಾನು ಅಕ್ಕನಿಗೆ ಒಂದೂ ಬಿಡದೆ ಹೇಳಿದೆ. ಅವಳ ಕೈಯಲ್ಲಿದ್ದ ಟವೆಲು ಅರ್ಧ ಮಡಚಿದ್ದು ಹಾಗೆಯೇ ಉಳಿಯಿತು.

"ಕೂತ್ಕೋ, ಮೊದ್ಲು ನೀರು ಕುಡಿ," ಎಂದರು ಭಾವ. ಆಮೇಲೆ ಎರಡೂ ಕೈ ಎತ್ತಿ, "ನಂದು ತಪ್ಪಾಯ್ತು ಕಣೋ. ನನ್ನ ಲಿಂಕಿಂದ ನಿನ್ನ ಕೈಲಿ ಕೊಳ್ಳಿಸ್ಬಾರ್ದಿತ್ತು. ನಿಯಮ ಅಂದ್ರೆ ನಿಯಮ. ಪೂರ್ತಿ ಒಪ್ಕೋತೀನಿ," ಎಂದರು.

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಇಷ್ಟು ಗಂಭೀರವಾಗಿ, ಇಷ್ಟು ಪ್ರಾಮಾಣಿಕವಾಗಿ ಕ್ಷಮೆ ಕೇಳುತ್ತಿದ್ದಾರೆ, ಅದೂ ಆ ಸಣ್ಣ ತಪ್ಪಿಗೆ. ಮನೆಗೆ ಬೆಂಕಿ ಬಿದ್ದಿರುವಾಗ ಬಾಗಿಲ ಚಿಲಕ ಸರಿಯಿಲ್ಲವೆಂದು ನೊಂದುಕೊಂಡ ಹಾಗಿತ್ತು.

"ಏಣಿ ಭಾವಾ," ಎಂದೆ.

"ಏಣಿ... ನೋಡು, ಕಂಪನಿಯೋರು ನಂಗೆ ಎರಡು ಕಳಿಸಿದ್ರು. ಒಂದ್ರ ಕೊಂಡಿ ನಾನು ಹತ್ತುವಾಗ್ಲೇ ಬಿಟ್ಕೊಳ್ತು. ಇನ್ನೊಂದು ಚೆನ್ನಾಗಿತ್ತು. ಚೆನ್ನಾಗಿರೋದನ್ನೇ ತೋರಿಸ್ದೆ. ಸುಳ್ಳು ಹೇಳಿಲ್ಲ ನಾನು. ಅವರಿಗೂ ತಿಳಿಸ್ದೆ, ಸರಿ ಮಾಡ್ತೀವಿ ಅಂದ್ರು. ಎಲ್ಲಾ ಕಂಪನಿಗಿಂತ ಜಾಸ್ತಿ ಪಾಲು ಕೊಡೋರು ಅವರು, ನಾನು ಹೇಗೆ..."

"ಮತ್ತೆ ನಂಗ್ಯಾಕೆ ಬೇರೆ ತರಿಸ್ತಿದ್ರಿ?" ಎಂದು ಕೇಳಿದವಳು ಅಕ್ಕ.

ಭಾವನ ಮುಖ ಸ್ವಲ್ಪ ಅರಳಿತು. ಇಲ್ಲಿ ತಮ್ಮ ಪರ ಒಂದು ಮಾತಿದೆ ಎಂದುಕೊಂಡರು. "ನಿಂಗೋಸ್ಕರ ಕಣೇ. ನೀನು ಬಿದ್ರೆ ನಾನೇನು ಮಾಡ್ಲಿ?"

ಅಕ್ಕ ತನ್ನ ಗಂಡನನ್ನು ಹೊಸಬರನ್ನು ನೋಡುವ ಹಾಗೆ ನೋಡಿದಳು. ಮದುವೆಯಾದಾಗಿನಿಂದ ಅವಳು ಅವರಿಗೆ ಎದುರಾಡಿದ್ದನ್ನು ನಾನು ಕಂಡವನಲ್ಲ.

"ಹೇಳೋದು ಶಾಸ್ತ್ರ, ಹಾಕೋದು ಗಾಳ. ಕಂಡೋರ ಮನೆಗೆಲ್ಲ ಅದು, ನನಗೆ ಮಾತ್ರ ಇದು. ಇದನ್ನ ನಾನು ಪ್ರೀತಿ ಅಂದ್ಕೊಳ್ಳಬೇಕೇನ್ರಿ?"

ಟವೆಲು ಕೆಳಗಿಟ್ಟು ಎದ್ದಳು. ಏಣಿಯನ್ನು ಹಾಲಿನ ನಡುವೆ, ವಿಡಿಯೋ ಮಾಡುವ ಜಾಗದಲ್ಲೇ ಬಿಡಿಸಿ ನಿಲ್ಲಿಸಿದಳು.

"ಹತ್ತಿ."

"ಏನಿದು ಹುಡುಗಾಟ!"

"ಕಣ್ಣು ಮುಚ್ಕೊಂಡು ತಗೊಳ್ಳಿ ಅಂದ್ರಲ್ಲ. ಕಣ್ಣು ಬಿಟ್ಕೊಂಡೇ ಹತ್ತಿ, ಪರವಾಗಿಲ್ಲ."

ಭಾವ ನಮ್ಮ ಮೂವರ ಮುಖವನ್ನೂ ನೋಡಿದರು. ಯಾರೂ ನಗಲಿಲ್ಲ. ಚಪ್ಪಲಿ ಕಳಚಿ ಒಂದು ಮೆಟ್ಟಿಲು ಹತ್ತಿದರು, ಇನ್ನೊಂದು ಹತ್ತಿದರು. ಮುಂದಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ಕೊಂಡಿ ಕಟ್ ಎಂದಿತು. ಅವರು ಏಣಿಯನ್ನು ತಬ್ಬಿಕೊಂಡರು.

"ಯಾರಾದ್ರೂ ಹಿಡ್ಕೊಳ್ರೋ!"

ನನ್ನ ಹೆಂಡತಿ ತಟ್ಟನೆ ಮುಂದೆ ಹೋದಳು. ಪೇಂಟರ್ ಕೈ, ಏಣಿ ಅಲ್ಲಾಡಿದರೆ ತಾನಾಗಿ ಹೋಗುತ್ತದೆ. ಅಕ್ಕ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

"ಬಿಡಮ್ಮ. ಕೊಂಡೋರ ಮನೆಮನೆಗೂ ಹೋಗಿ ಹಿಡ್ಕೋತೀಯಾ ನೀನು?"

ಭಾವ ಇಳಿದರು. ಇಳಿದವರು ಏಣಿಯ ಬುಡದಲ್ಲೇ ಕೂತರು. ಹಣೆಯ ಬೆವರು ಒರೆಸಿಕೊಂಡರು. ಅವರನ್ನು ನೋಡಿ ಅಯ್ಯೋ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು.

"ಅಣ್ಣಾ," ಎಂದಳು ನನ್ನ ಹೆಂಡತಿ. "ಆಗಿದ್ದು ಆಯ್ತು. ಇದನ್ನ ಕೊಂಡೋರಿಗೆಲ್ಲ ಫೋನ್ ಮಾಡಿ, ಹತ್ಬೇಡಿ ಅಂತ ಹೇಳಿಬಿಡಿ. ಈಗ್ಲೇ ಹೇಳಿ."

ಭಾವ ತಲೆ ಅಲ್ಲಾಡಿಸಿದರು.

"ಯಾರಿಗೆ ಅಂತ ಮಾಡ್ಲಮ್ಮ? ಎಷ್ಟು ಜನ ಕೊಂಡ್ರು ಅಂತ ಮಾತ್ರ ನಂಗೆ ಕಾಣ್ಸುತ್ತೆ. ಯಾರು, ಎಲ್ಲಿಯೋರು, ಏನೂ ಕಾಣ್ಸಲ್ಲ. ವಿಡಿಯೋ ಬೇಕಾದ್ರೆ ಇನ್ನೊಂದು ಹಾಕ್ತೀನಿ. ಆದ್ರೆ ಏಣಿ ಕೊಂಡಾದ್ಮೇಲೆ ಯಾರು ತಿರುಗಿ ಏಣಿ ವಿಡಿಯೋ ನೋಡ್ತಾರೆ?"

ಈ ಹೊತ್ತಿನಲ್ಲಿ ಯಾರ ಮನೆಯಲ್ಲಿ ಯಾರು ಅದರ ತುದಿಯಲ್ಲಿ ನಿಂತು ಬಲ್ಬು ಬದಲಿಸುತ್ತಿದ್ದಾರೋ, ಯಾರು ಅಟ್ಟದ ಪಾತ್ರೆಗೆ ಕೈ ಚಾಚುತ್ತಿದ್ದಾರೋ ಎಂದು ನೆನೆದೆ.

"ಒಬ್ಬರ ಹೆಸರೂ ಗೊತ್ತಿಲ್ವಾ ನಿಮ್ಗೆ?" ಎಂದಳು ಅಕ್ಕ. "ಅಷ್ಟು ಜನರಲ್ಲಿ ಒಬ್ಬರದ್ದೂ?"

ಭಾವನ ಕಣ್ಣು ಒಮ್ಮೆ ನನ್ನ ಕಡೆ ಬಂದು ನೆಲಕ್ಕೆ ಇಳಿಯಿತು.

ಒಬ್ಬನದು ಗೊತ್ತಿತ್ತು. ಏಣಿ ಮನೆಗೆ ಬಂದ ದಿನ ನಾನೇ ಅವರಿಗೆ ಫೋನು ಮಾಡಿದ್ದೆ. "ಭಾವಾ, ನಿಮ್ಮ ಲಿಂಕಿಂದಾನೇ ತಗೊಂಡೆ. ನಾಳೆಯಿಂದ ನಿಮ್ಮ ತಂಗಿ ಇದ್ರ ಮೇಲೇ ನಿಂತ್ಕೊಂಡು ಕೆಲ್ಸ ಮಾಡೋದು," ಎಂದು ಹೆಮ್ಮೆಯಿಂದ ಹೇಳಿದ್ದೆ. "ಹೌದೇನೋ? ಒಳ್ಳೇದಾಯ್ತು," ಎಂದಿದ್ದರು.